ಗಣಿಯ ಕಡತದಲ್ಲಿ ಇಲ್ಲದ ಊರು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನಮ್ಮ ತಾತ ಮೂವತ್ತು ವರ್ಷ ಓಡಾಡಿದರು. ಗಣಿಯ ಮೇಲ್ಭಾಗದಲ್ಲಿ ಅವರಿಗೆ ಕೆಲಸ. ನಾನೀಗ ಕೆಜಿಎಫ್ ಕಾರ್ಮಿಕರ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆಗೆ ಇಳಿದದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು, ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು, ಎಲ್ಲವೂ ದಾಖಲೆಗಳಲ್ಲಿವೆ. ತಾತ ಹೇಳುತ್ತಿದ್ದ ರಾಗಿ ಕಣ, ಊರಜಾತ್ರೆ, ಕೋಳಿಪಂದ್ಯ ಮಾತ್ರ ಎಲ್ಲೂ ಇಲ್ಲ. ಗಣಿಯ ಲೆಕ್ಕದಲ್ಲಿ ಅವರು ಹಾಜರಿ ಪಟ್ಟಿಯ ಒಂದು ಸಂಖ್ಯೆ.

ಈ ಕೊರತೆ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಕೆ.ಕೆ. ಹೆಬ್ಬಾರರ ಚಿತ್ರಗಳನ್ನು ನೋಡಿದಾಗ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಮುಂದೆ ಪ್ಯಾರಿಸ್ಸಿಗೂ ಹೋಗಿ ಕಲಿತು ಬಂದರು. 1996ರಲ್ಲಿ ತೀರಿಕೊಳ್ಳುವವರೆಗೂ ಮುಂಬೈಯೇ ಅವರ ನೆಲೆ. ಆದರೂ ಕೋಳಿ ಅಂಕ, ಯಕ್ಷಗಾನ, ಎತ್ತುಗಳು, ದುಡಿಯುವ ಹೆಂಗಸರು ಅವರ ಕುಂಚವನ್ನು ಬಿಡಲಿಲ್ಲ. ನೃತ್ಯದ ಲಯ ಹಿಡಿಯಲು ಕಥಕ್ ಕಲಿತವರು ಅವರು. ಅವರ ರೇಖೆಯಲ್ಲಿ ಕಾದಾಡುವ ಹುಂಜಗಳಿಗೂ ಆ ಲಯ ಬಂದಿದೆ.

ಇಂಥದೇ ಇನ್ನೊಂದು ಬದುಕು ಆಫ್ರಿಕಾದ್ದು. ದಕ್ಷಿಣ ತಾಂಜಾನಿಯಾದ ಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಡ್ವರ್ಡ್ ಸೈದಿ ಟಿಂಗಟಿಂಗ, ಕೂಲಿ ಅರಸಿ ಕತ್ತಾಳೆ ತೋಟಗಳಿಗೆ ಹೋದವನು. ಆಮೇಲೆ ದಾರ್ ಎಸ್ ಸಲಾಂ ಸೇರಿ, 1968ರ ಸುಮಾರಿಗೆ ಅಗ್ಗದ ಹಲಗೆಯ ಮೇಲೆ ಸೈಕಲ್ಲಿಗೆ ಬಳಿಯುವ ಬಣ್ಣದಲ್ಲಿ ಚಿರತೆ, ಆನೆ, ಹಕ್ಕಿಗಳನ್ನು, ಹಳ್ಳಿಯ ಬದುಕನ್ನು ಬರೆಯತೊಡಗಿದ. 1972ರಲ್ಲಿ ಪೊಲೀಸರು ಯಾರೋ ಎಂದು ತಿಳಿದು ಹಾರಿಸಿದ ಗುಂಡಿಗೆ ಸತ್ತ. ನಾಲ್ಕೇ ವರ್ಷ ಬರೆದದ್ದು. ಅವನ ಹೆಸರಿನ ಶೈಲಿ ಇವತ್ತಿಗೂ ನಡೆದುಕೊಂಡು ಬಂದಿದೆ.

ಚಿತ್ರವನ್ನು ಹಾಜರಿ ಪಟ್ಟಿಯಂತೆ ಓದಲಾಗದು. ಹೆಬ್ಬಾರರ ಕರಾವಳಿ ನಮ್ಮ ತಾತನ ಬಯಲುಸೀಮೆಯಲ್ಲ. ಟಿಂಗಟಿಂಗನ ಚಿತ್ರಗಳನ್ನು ಕೊಂಡವರಲ್ಲಿ ವಿದೇಶೀಯರು ಬಹಳ, ಅವರ ಕಣ್ಣಿಗೆ ಹಿಡಿಸುವ ಆಫ್ರಿಕಾ ಅದರಲ್ಲಿ ಇದ್ದೀತು. ಆದರೆ ಊರು ಬಿಟ್ಟವರು ಊರನ್ನು ಹೊತ್ತುಕೊಂಡೇ ಬರುತ್ತಾರೆ ಎಂಬುದಕ್ಕೆ ಇಬ್ಬರೂ ಸಾಕ್ಷಿ. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಗಣಿಗೆ ಬಂದವರೂ ಹಾಗೆಯೇ ಬಂದಿರಬೇಕಲ್ಲವೇ?

ಹೋದ ತಿಂಗಳು ಚಾಂಪಿಯನ್ ರೀಫಿನ ಲೈನ್ ಮನೆಯೊಂದಕ್ಕೆ ಹೋದಾಗ, ಕೆಲಸಕ್ಕೆ ಸೇರಿದ ವರ್ಷ, ಕೂಲಿ, ಕಾಯಿಲೆ ಎಂಬ ನನ್ನ ಪ್ರಶ್ನಾವಳಿಯನ್ನು ಚೀಲದಲ್ಲೇ ಬಿಟ್ಟೆ. ನನಗೆ ಬರುವ ಹರುಕು ತಮಿಳಿನಲ್ಲಿ ಅಲ್ಲಿನ ಅಜ್ಜಿಯನ್ನು, "ನಿಮ್ಮ ಹಿರಿಯರು ಊರಿನಿಂದ ಏನು ತಂದರು?" ಎಂದು ಕೇಳಿದೆ. ಆಕೆ ನಕ್ಕು ಹಿತ್ತಲಿಗೆ ಕರೆದೊಯ್ದರು. ಮೂಲೆಯಲ್ಲಿ ನಡು ಸವೆದ ಒಂದು ಒರಳುಕಲ್ಲಿತ್ತು. ಅತ್ತೆಯ ತವರಿನದಂತೆ, ಗಾಡಿಯಲ್ಲಿ ಬಂದದ್ದಂತೆ. ನನ್ನ ಪ್ರಬಂಧದ ಎರಡನೇ ಅಧ್ಯಾಯವನ್ನು ಈಗ ಆ ಕಲ್ಲಿನಿಂದ ಶುರುಮಾಡಿದ್ದೇನೆ.