ಅಂಗುಲದೆತ್ತರದ ಸಿಪಾಯಿಯೂ ಅವನ ಅಂಗಿಯೂ

ಸಮರಚರಿತ್ರೆಯನ್ನು ಗ್ರಂಥರೂಪದಲ್ಲಿ ಬರೆಯುವವನಿಗೆ ಒಂದು ಸೌಕರ್ಯವುಂಟು. ತನಗೆ ತಿಳಿಯದ ಸಂಗತಿಯನ್ನು ಅವನು ಬರೆಯದೆ ಬಿಡಬಹುದು. ಟಿಪ್ಪುವಿನ ಪದಾತಿಗಳು ಮುಂದೊತ್ತಿದರೆಂದು ಒಂದು ವಾಕ್ಯವನ್ನಿಟ್ಟರೆ ಸಾಕು; ಆ ಪದಾತಿಯ ಅಂಗಿಯ ತೋಳು ಮೊಣಕೈಗೆ ಮುಗಿಯುತ್ತಿದ್ದಿತೋ ಮಣಿಕಟ್ಟಿನವರೆಗೆ ಇಳಿಯುತ್ತಿದ್ದಿತೋ ಎಂದು ಯಾವ ವಾಚಕನೂ ಕೇಳಲಾರನು. ಅದೇ ಪದಾತಿಯನ್ನು ಅಂಗುಲದೆತ್ತರದ ಗೊಂಬೆಯಾಗಿ ಮಾಡಹೊರಟ ಶಿಲ್ಪಿಗೆ ಈ ಸೌಕರ್ಯವಿಲ್ಲ. ಅವನು ಆ ತೋಳನ್ನು ಎಲ್ಲಿಯಾದರೂ ಒಂದೆಡೆ ನಿಲ್ಲಿಸಲೇಬೇಕು.

ಇಂತಹ ಗೊಂಬೆಗಳು ಹೊಸವಲ್ಲ. ಈಜಿಪ್ಟಿನ ಅಸ್ಯೂಟಿನಲ್ಲಿ, ಸುಮಾರು ನಾಲ್ಕು ಸಹಸ್ರ ವರ್ಷಗಳ ಹಿಂದಿನ ಮೆಸೆಹ್ತಿ ಎಂಬ ಅಧಿಪತಿಯ ಸಮಾಧಿಯಲ್ಲಿ, 40 ಮಂದಿ ಈಟಿಗಾರರೂ 40 ಮಂದಿ ನ್ಯೂಬಿಯದ ಬಿಲ್ಲುಗಾರರೂ ಮರದ ಗೊಂಬೆಗಳಾಗಿ ಸಾಲುಗಟ್ಟಿ ನಿಂತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಹಿಲ್ಪರ್ಟನ ಮನೆತನದವರು ಚಪ್ಪಟೆಯಾದ ತವರದ ಸೈನಿಕರನ್ನು ಎರೆದರು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಎಂಬವನು ಒಳಟೊಳ್ಳಾದ ಸೀಸದ ಸೈನಿಕರನ್ನು ಎರೆಯುವ ಉಪಾಯವನ್ನು ಕಂಡುಹಿಡಿದನು. ಚಪ್ಪಟೆ ಗೊಂಬೆಗಳ ಕಾಲದಲ್ಲಿ ಗುಂಡಿಯನ್ನೂ ನಿರಿಗೆಯನ್ನೂ ಕಲ್ಲಿನ ಅಚ್ಚಿನೊಳಗೆ ತಿರುವುಮುರುವಾಗಿ ಕೊರೆಯಬೇಕಾಗಿದ್ದಿತು. ಎರಡು ದ್ರವ್ಯಗಳನ್ನು ನಾದಿದರೆ ತಾನಾಗಿಯೇ ಗಟ್ಟಿಯಾಗುವ ಪುಟ್ಟಿಯು ಬಂದಮೇಲೆ ಕೆಲಸದ ರೀತಿಯೇ ಬದಲಾಯಿತು.

ಈ ಪುಟ್ಟಿಯಲ್ಲಿ ಪ್ರಸಿದ್ಧವಾದ ಒಂದು ಬಗೆ ನೀಲಿ ಮತ್ತು ಹಳದಿಯ ಎರಡು ಪಟ್ಟಿಗಳಾಗಿರುತ್ತದೆ; ನಾದಿದರೆ ಹಸುರಾಗುತ್ತದೆ. ಸ್ವಲ್ಪ ಹೊತ್ತು ಮೇಣದಂತೆ ಕೈಗೆ ಬಗ್ಗಿ, ಕೆಲವು ಗಂಟೆಗಳಲ್ಲಿ ಬಿಗಿಯುತ್ತದೆ. ತಂತಿಯ ಅಸ್ಥಿಪಂಜರದ ಮೇಲೆ ಮೊದಲು ಬತ್ತಲೆ ಮೈಯನ್ನು ಮೆತ್ತಿ ಒಣಗಲು ಬಿಡಬೇಕು. ಅನಂತರ ಅಂಗಿ, ಅದರ ಮೇಲೆ ನಡುಕಟ್ಟು, ಅದರ ಮೇಲೆ ತೊಗಲಿನ ಪಟ್ಟಿ. ಮನುಷ್ಯನು ಬಟ್ಟೆ ತೊಡುವ ಕ್ರಮವೇ ಇಲ್ಲಿನ ಕ್ರಮ. ಸಾಧನವು ಅಂಟದಂತೆ ನೀರಿನಲ್ಲಿ ಅದ್ದುತ್ತಿರಬೇಕು. ಬಟ್ಟೆಯ ದಪ್ಪವನ್ನು ನಿಜವಾದ ಪ್ರಮಾಣದಲ್ಲಿ ತೋರಿಸಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ಶಿಲ್ಪಿಯು ನಿರಿಗೆಗಳನ್ನು ಬೇಕೆಂದೇ ಆಳಗೊಳಿಸುತ್ತಾನೆ. ಇದು ಸುಳ್ಳಾದರೂ ಕ್ಷಮ್ಯವಾದ ಸುಳ್ಳು. ನಿರಿಗೆ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆಂಬುದರಲ್ಲಿ ತಪ್ಪಿದರೆ ಮಾತ್ರ ಕ್ಷಮೆಯಿಲ್ಲ: ಕಂಕುಳಿನಿಂದಲೂ ನಡುಕಟ್ಟಿನಿಂದಲೂ ಹೊರಡದ ನಿರಿಗೆಯು ಬಟ್ಟೆಯಾಗದೆ ಬರಿಯ ಗೀರಾಗುತ್ತದೆ.

ಇಷ್ಟು ಕೈಚಳಕದ ಮಾತು. ಮೈಸೂರಿನ ಸಿಪಾಯಿಯನ್ನು ಮಾಡುವಾಗ ತೊಡಕು ಬೆರಳಿನಲ್ಲಿಲ್ಲ, ಸಾಕ್ಷ್ಯದಲ್ಲಿದೆ. ಟಿಪ್ಪುವಿನ ಕ್ರಮಬದ್ಧ ಪದಾತಿಗಳು ‘ಬಬ್ರಿ’ ಎಂಬ ಹುಲಿಪಟ್ಟೆಯ ಹತ್ತಿಯ ಅಂಗಿಯನ್ನು ತೊಡುತ್ತಿದ್ದರೆಂಬುದು ನಿಶ್ಚಯ. ಆ ಪಟ್ಟೆಯ ಮಾದರಿಯನ್ನು ಶ್ರೀರಂಗಪಟ್ಟಣದ ಗುಂಬಜಿನ ಒಳಗೋಡೆಗಳ ಮೇಲೆ ನೋಡಬಹುದು. ಆದರೆ ಅಂಗಿಯ ಕತ್ತರಿಕೆ ಹೇಗಿದ್ದಿತು? 1799ರ ಮೇ 4ರಂದು ಕೋಟೆ ಬಿದ್ದಮೇಲೆ ದೊರೆಯ ಆಯುಧಗಳೂ ಆಭರಣಗಳೂ ಹಡಗೇರಿದವು. ಅವನ ಚೀಟಿಬಟ್ಟೆಯ ಡೇರೆ ಇಂದಿಗೂ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಸಾಮಾನ್ಯ ಸಿಪಾಯಿಯ ಬೆವರಿನ ಅಂಗಿಗೆ ಅಂತಹ ಭಾಗ್ಯವೆಲ್ಲಿ!

ಉಳಿದ ಸಾಕ್ಷಿಗಳು ಬಹುಮಟ್ಟಿಗೆ ಗೆದ್ದವರವು. 1800ರಲ್ಲಿ ಲಂಡನ್ನಿನ ಜನರು ಮುಗಿಬಿದ್ದು ನೋಡಿದ ಶ್ರೀರಂಗಪಟ್ಟಣದ ಲಗ್ಗೆಯ ಮಹಾಚಿತ್ರವನ್ನು ಬರೆದ ಕೆರ್ ಪೋರ್ಟರನು ಕಾವೇರಿಯನ್ನು ಕಂಡವನೇ ಅಲ್ಲ. ಕಾರ್ನ್‌ವಾಲಿಸನ ದಂಡಿನೊಡನೆ ಬಂದ ರಾಬರ್ಟ್ ಹೋಮನು ಕಣ್ಣಾರೆ ಕಂಡವನು. ಅವನ ಮಾತಿಗೆ ಹೆಚ್ಚು ಬೆಲೆ. ನಮ್ಮವರೇ ಬರೆದ ಸಾಕ್ಷ್ಯವೆಂದರೆ ದರಿಯಾ ದೌಲತಿನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧ. 1780ರ ಸೆಪ್ಟೆಂಬರ್ 10ರಂದು ಮೈಸೂರಿನ ಸೈನ್ಯವು ಬೇಲಿಯ ಪಡೆಯನ್ನು ಮುರಿದ ಕಥೆಯದು: ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಚೌಕಗಟ್ಟಿ ನಿಂತ ಕೆಂಪು ಅಂಗಿಗಳು. ಶಿಲ್ಪಿಗೆ ಇದಕ್ಕಿಂತ ಬೇರೇನು ಬೇಕು ಎನ್ನಿಸಬಹುದು. ಆದರೆ ಮುತ್ತಿಗೆಗೆ ಮುಂಚೆಯೇ ಈ ಚಿತ್ರವನ್ನು ಕೆಡಿಸಲಾಗಿದ್ದಿತು. ಅಲ್ಲಿ ವಾಸವಾಗಿದ್ದ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನು. ಮತ್ತೆ ಸುಣ್ಣ ಬಿದ್ದು ಅಳಿಸಿಹೋಗುವಂತಾದಾಗ, ಡಾಲ್‌ಹೌಸಿಯ ಆಜ್ಞೆಯಂತೆ, ಮೂಲವನ್ನು ನೆನಪಿನಲ್ಲಿಟ್ಟಿದ್ದ ದೇಶೀಯ ಚಿತ್ರಗಾರನೊಬ್ಬನು ಹೊಸದಾಗಿ ಬರೆದನು. ಹೀಗಾಗಿ ಇಂದು ಕಾಣುವ ಒಂದೊಂದು ಮುಂಡಾಸಿನ ಸುತ್ತಿನಲ್ಲಿ ಕಂಡದ್ದೆಷ್ಟು, ನೆನೆದದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಅದೇ ಯುದ್ಧದ ಕಾಗದದ ಮೇಲಿನ ಚಿತ್ರವೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಗೋಡೆಯೊಡನೆ ತಾಳೆನೋಡುವವನಿಗೆ ಅದೊಂದು ಆಸರೆ.

ಆಯುಧದ ವಿಷಯದಲ್ಲಿ ನೆಲವೇ ಹೆಚ್ಚು ಉದಾರವಾಗಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹೈದರನು 1763ರಲ್ಲಿ ಗೆದ್ದ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕ ಕಬ್ಬಿಣದ ಅಗ್ನಿಬಾಣಗಳು ಹೊರಬಿದ್ದವು. ಸುಮಾರು 8 ಅಂಗುಲದ ಕೊಳವೆಯನ್ನು 28 ಮಿಲಿಮೀಟರ್ ಗೊಂಬೆಯ ಪ್ರಮಾಣಕ್ಕೆ ಇಳಿಸಿದರೆ ಮೂರು ಮಿಲಿಮೀಟರನ್ನು ಸ್ವಲ್ಪ ಮೀರುತ್ತದೆ, ಅಕ್ಕಿಯ ಕಾಳಿಗಿಂತ ಚಿಕ್ಕದು. ಆರಡಿಯ ಬಿದಿರು ಮಾತ್ರ ಸಿಪಾಯಿಯ ತಲೆಯನ್ನೂ ಮೀರಿ ನಿಲ್ಲುತ್ತದೆ. ಅದನ್ನು ಹಿಡಿಯುವ ಬಗೆಗೂ ಹೋಮನೇ ದಿಕ್ಕು: ಅವನು ಬರೆದ ಚಿತ್ರವೊಂದರಲ್ಲಿ ಟಿಪ್ಪುವಿನ ಸೈನಿಕನು ಅಗ್ನಿಬಾಣವನ್ನೇ ಧ್ವಜಸ್ತಂಭವಾಗಿ ಹಿಡಿದು ನಿಂತಿದ್ದಾನೆ. ಪುಟ್ಟಿಯನ್ನು ಹಾಳೆಯಂತೆ ತೆಳ್ಳಗೆ ಲಟ್ಟಿಸಿ, ಅರ್ಧ ಬಿಗಿದಾಗ ಕತ್ತರಿಸಿ, ಆ ಬಿದಿರಿಗೆ ಸುತ್ತಿ, ಗಾಳಿಗೆ ಮಡಿಸಿದಂತೆ ಒಂದೆರಡು ಅಲೆ ಕೊಟ್ಟರೆ ಧ್ವಜವೂ ಸಿದ್ಧವಾಗುತ್ತದೆ.