ದಾಸವಿಮೋಚನದ ಗುಪ್ತಮಾರ್ಗವೂ ವಿಲಿಯಂ ಸ್ಟಿಲ್ಲನ ಲೇಖ್ಯಗಳೂ

ಗುಪ್ತವಾಗಿ ನಡೆದ ಕಾರ್ಯದ ಚರಿತ್ರೆಯನ್ನು ಬರೆಯುವುದು ಕಷ್ಟವಾದುದು. ಮರೆಮಾಡಲೆಂದೇ ನಡೆಸಿದುದನ್ನು ಮುಂದಿನವರು ಯಾವ ಪ್ರಮಾಣದಿಂದ ತಿಳಿಯಬೇಕು? ಅಮೆರಿಕದ ದಕ್ಷಿಣಪ್ರಾಂತಗಳ ದಾಸರು ಉತ್ತರಕ್ಕೂ ಅಲ್ಲಿಂದ ಕೆನಡಾ ದೇಶಕ್ಕೂ ತಪ್ಪಿಸಿಕೊಂಡು ಹೋಗಲು ನೆರವಾದ ಏರ್ಪಾಡಿನ ವಿಷಯದಲ್ಲಿ ಈ ಪ್ರಶ್ನೆಯು ವಿಶೇಷವಾಗಿ ಏಳುತ್ತದೆ.

ಆ ಏರ್ಪಾಡಿಗೆ 'ನೆಲದಡಿಯ ರೈಲುದಾರಿ' ಎಂದು ಹೆಸರು. ಆಲಂಕಾರಿಕರ 'ಗಂಗೆಯಲ್ಲಿ ಹಟ್ಟಿ'ಯಂತೆ ಇಲ್ಲಿಯೂ ಮುಖ್ಯಾರ್ಥಕ್ಕೆ ಬಾಧೆಯುಂಟು. ಅದು ನೆಲದಡಿಯದೂ ಅಲ್ಲ, ರೈಲೂ ಅಲ್ಲ. ಆಶ್ರಯಕೊಟ್ಟ ಮನೆಯನ್ನು ಸ್ಟೇಷನ್ನೆಂದೂ ದಾರಿತೋರಿದವರನ್ನು ಕಂಡಕ್ಟರೆಂದೂ ಕರೆಯುತ್ತಿದ್ದರು. ಇದಕ್ಕೆ ಒಬ್ಬ ಅಧಿಪತಿಯಿರಲಿಲ್ಲ. ಸ್ವತಂತ್ರರಾದ ಕರಿಯ ಜನರೂ ಕ್ವೇಕರ್ ಪಂಥದವರೂ ಇತರರೂ ತಮ್ಮ ತಮ್ಮ ಊರುಗಳಲ್ಲಿ ಇದನ್ನು ನಡೆಸಿದರು. 1849ರಲ್ಲಿ ತಾನೇ ತಪ್ಪಿಸಿಕೊಂಡು ಬಂದ ಹ್ಯಾರಿಯಟ್ ಟಬ್‌ಮನ್ ಎಂಬಾಕೆಯು ಮೇರಿಲ್ಯಾಂಡಿಗೆ ಮತ್ತೆ ಮತ್ತೆ ಹಿಂದಿರುಗಿ ಸುಮಾರು 70 ಮಂದಿಯನ್ನು ಕರೆತಂದಳು.

ಓಡಿಹೋದ ದಾಸರನ್ನು ಒಡೆಯರಿಗೆ ಒಪ್ಪಿಸಬೇಕೆಂಬ ಕಾಯಿದೆಯು 1793ರಲ್ಲಿಯೇ ಹುಟ್ಟಿತ್ತು. ಆದರೆ ಪ್ರಾಂತಾಧಿಕಾರಿಗಳು ಅದಕ್ಕೆ ನೆರವಾಗಲೇಬೇಕೆಂಬ ನಿರ್ಬಂಧವಿಲ್ಲವೆಂದು 1842ರಲ್ಲಿ ಪರಮೋಚ್ಚ ನ್ಯಾಯಸ್ಥಾನವು ಹೇಳಿತು. ಈ ಸಡಿಲನ್ನು ಬಿಗಿಯಲು 1850ರ ಕಾಯಿದೆ ಬಂದಿತು. ಓಡಿಬಂದವರಿಗೆ ಸಹಾಯಮಾಡಿದವರಿಗೆ 1000 ಡಾಲರುಗಳವರೆಗೆ ದಂಡ, 6 ತಿಂಗಳವರೆಗೆ ಸೆರೆ. ವಿಚಾರಣೆ ನಡೆಸುವ ಕಮಿಷನರಿಗೆ, ಹಿಡಿದವನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರು, ಬಿಟ್ಟರೆ 5 ಡಾಲರು ವೇತನ. ಎಲ್ಲಕ್ಕಿಂತ ಘೋರವಾದುದು ಇದು: ಹಿಡಿಯಲ್ಪಟ್ಟವನ ಮಾತು ಸಾಕ್ಷ್ಯವಾಗಿ ಸಲ್ಲದು.

ಆ ಸಲ್ಲದ ಮಾತನ್ನೇ ಬರೆದಿಟ್ಟವನು ವಿಲಿಯಂ ಸ್ಟಿಲ್. ಫಿಲಡೆಲ್ಫಿಯಾ ನಗರದ ದಾಸ್ಯವಿರೋಧಿಸಂಘದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈತನ ಬಳಿಗೆ 1850ರಲ್ಲಿ, ಹಣತೆತ್ತು ದಾಸ್ಯದಿಂದ ಬಿಡುಗಡೆಹೊಂದಿದ ಪೀಟರನೆಂಬವನು ತನ್ನವರನ್ನು ಹುಡುಕುತ್ತ ಬಂದನು. ಅವನು ಹೇಳಿದ ತಂದೆತಾಯಿಗಳ ಹೆಸರನ್ನು ಕೇಳಿ ಸ್ಟಿಲ್ಲನು ಬೆರಗಾದನು. ಬಂದವನು ತಾನೆಂದೂ ಕಾಣದ ಒಡಹುಟ್ಟಿದ ಅಣ್ಣ! ತಾಯಿಯು ದಾಸ್ಯದಿಂದ ಓಡಿಬರುವಾಗ ಇಬ್ಬರು ಗಂಡುಮಕ್ಕಳನ್ನು ಬಿಟ್ಟುಬರಬೇಕಾಗಿತ್ತು, ಅವರಲ್ಲಿ ಇವನೊಬ್ಬ. ಅಗಲಿದ ಬಂಧುಗಳು ಮತ್ತೆ ಕೂಡಲು ಲೇಖ್ಯವೊಂದೇ ಗತಿಯೆಂದು ಸ್ಟಿಲ್ಲನಿಗೆ ಮನದಟ್ಟಾಯಿತು. ಅಂದಿನಿಂದ ಬಂದವರ ಹಳೆಯ ಹೆಸರು, ಹೊಸ ಹೆಸರು, ಒಡೆಯನಾರು, ಬಿಟ್ಟುಬಂದ ಹೆಂಡತಿಮಕ್ಕಳಾರು ಎಂಬುದನ್ನೆಲ್ಲ ಜಾಗರೂಕತೆಯಿಂದ ಬರೆದಿಟ್ಟನು. ಆ ಕಾಗದಗಳು ಸರ್ಕಾರದವರ ಕೈಗೆ ಸಿಕ್ಕಿದ್ದರೆ ಬರೆದವನಿಗೂ ಬರೆಯಿಸಿದವರಿಗೂ ಅಪಾಯವಾಗುತ್ತಿತ್ತು. ಆದುದರಿಂದ ಅವನ್ನು ಸ್ಮಶಾನದ ಕಟ್ಟಡವೊಂದರಲ್ಲಿ ಅಡಗಿಸಿಟ್ಟು, 1872ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಇತ್ತ ಕಾಯಿದೆಯಾದರೋ ಉದ್ದೇಶಕ್ಕೆ ವಿರುದ್ಧವಾದ ಫಲವನ್ನೇ ಕೊಟ್ಟಿತು. 1854ರಲ್ಲಿ ಆಂಟನಿ ಬರ್ನ್ಸ್ ಎಂಬೊಬ್ಬನನ್ನು ಬಾಸ್ಟನ್ನಿನಿಂದ ಹಿಂದಕ್ಕೆ ಸಾಗಿಸಲು ಬೀದಿಯುದ್ದಕ್ಕೂ ಸೈನ್ಯವನ್ನು ನಿಲ್ಲಿಸಬೇಕಾಯಿತು. ಅದುವರೆಗೆ ಉದಾಸೀನರಾಗಿದ್ದ ಅನೇಕರು ಅದನ್ನು ಕಂಡು ದಾಸ್ಯಕ್ಕೆ ವಿರೋಧಿಗಳಾದರು. ಮರುವರ್ಷವೇ ಆ ಪ್ರಾಂತವು ಕಾಯಿದೆಗೆ ಅಡ್ಡಿಯಾಗುವಂತೆ ತನ್ನದೇ ಕಟ್ಟಳೆಯನ್ನು ಮಾಡಿತು. ಅಂತರ್ಯುದ್ಧದ ನಡುವೆ, 1864ರಲ್ಲಿ, ಕಾಯಿದೆಯು ರದ್ದಾಯಿತು. 1865ರಲ್ಲಿ ರಾಜ್ಯಾಂಗದ ತಿದ್ದುಪಡಿಯಿಂದ ದಾಸ್ಯವೇ ನಿಷಿದ್ಧವಾಯಿತು.

ಯಾರ ವಚನವು ಪ್ರಮಾಣವಲ್ಲವೆಂದು ನ್ಯಾಯಾಧಿಕಾರಿಗಳು ತಳ್ಳಿದರೋ ಅವರ ವಚನದಿಂದಲೇ ನಾವು ಇಂದು ಆ ಕಾಲವನ್ನು ಅರಿಯುತ್ತಿದ್ದೇವೆ. ಶಬ್ದಪ್ರಮಾಣವನ್ನು ವಿಚಾರಮಾಡುವ ವಿದ್ವಾಂಸರಿಗೆ ಇದು ಮನನೀಯವಾದ ಸಂಗತಿ.