ನಾಸ್ತಿಕತೆ, ಜಾಹೀರಾತು ಮತ್ತು ವಾಕ್ ಸ್ವಾತಂತ್ರ್ಯ: ಗಡಿನಾಡ ಓದುಗರಿಗೆ ಮಾಹಿತಿ

ದೇವರಿದ್ದಾನೆ ಎಂದು ಊರ ಗೋಡೆಯ ಮೇಲೆ ಬರೆಸಿದರೆ ಯಾರೂ ಕೇಳುವುದಿಲ್ಲ. ದೇವರಿಲ್ಲ ಎಂದು ಬರೆಸಿದರೆ ಕೇಳುವವರು ಬಹಳ. ಹಾಗೆ ಬರೆಸುವ ಹಕ್ಕು ಇದೆಯೇ? ಪತ್ರಿಕೆಯವರು, ಬಸ್ಸಿನವರು ಅಂಥ ಜಾಹೀರಾತನ್ನು ತಿರಸ್ಕರಿಸಬಹುದೇ? ಈ ಬಗ್ಗೆ ತಿಳಿದಿರಬೇಕಾದ ಮುಖ್ಯ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ನಮ್ಮ ಸುತ್ತಿನ ಇತಿಹಾಸ

ಕನ್ನಡದಲ್ಲಿ ವಿಚಾರವಾದಿ ಎನ್ನುವವರನ್ನು ತೆಲುಗಿನಲ್ಲಿ ಹೇತುವಾದಿ ಎನ್ನುತ್ತಾರೆ. ನಾಸ್ತಿಕ ಎಂಬ ಪದ ಎರಡರಲ್ಲೂ ಒಂದೇ. ವಿಚಾರವಾದಿಗಳೆಲ್ಲ ನಾಸ್ತಿಕರಲ್ಲ, ಇದನ್ನು ಮರೆಯಬಾರದು.

ಆಂಧ್ರದಲ್ಲಿ ಈ ವಿಚಾರಕ್ಕೆ ದೊಡ್ಡ ಹೆಸರು ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್. ನಾಸ್ತಿಕ ವಿಚಾರಗಳಿಗಾಗಿ ಅವರು 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ದೇವಭಕ್ತರಾದ ಗಾಂಧೀಜಿಯವರು ಗೋರಾ ಅವರೊಡನೆ ಚರ್ಚೆ ಮಾಡಿದರೇ ಹೊರತು ಬಾಯಿ ಮುಚ್ಚಿಸಲಿಲ್ಲ. ಗೋರಾ ಅವರ ಪತ್ನಿ ಸರಸ್ವತಿ ಗೋರಾ ಅವರಿಗೆ ಕರ್ನಾಟಕ ಸರ್ಕಾರ ಬಸವ ಪುರಸ್ಕಾರ ನೀಡಿ ಗೌರವಿಸಿದೆ.

ಕನ್ನಡದ ಕಡೆ ನಮಗೆ ಹತ್ತಿರದವರು ಡಾ. ಎಚ್. ನರಸಿಂಹಯ್ಯ (1920-2005). ಮಡಕಶಿರಾದ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರು ಅವರ ಊರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಆಗ ಅನಂತಪುರ ಜಿಲ್ಲೆಯಲ್ಲಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೋರಿದರು. ಅವಕಾಶ ಸಿಗಲಿಲ್ಲ. ನಾಡಿನಾದ್ಯಂತ ಪರ ವಿರೋಧ ಚರ್ಚೆ ನಡೆಯಿತು.

ಸಂವಿಧಾನ ಏನು ಹೇಳುತ್ತದೆ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಯಾವ ಧರ್ಮವನ್ನೂ ನಂಬದಿರುವುದೂ ಸೇರಿದೆ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಅರ್ಜಿಯಲ್ಲಿ ಧರ್ಮ ಬರೆಯಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದೂ ಅದು ತಿಳಿಸಿತು. ತಮಿಳುನಾಡಿನಲ್ಲಿ ಪೆರಿಯಾರ್ ಪ್ರತಿಮೆಗಳ ಪೀಠದ ಮೇಲೆ ದೇವರಿಲ್ಲ ಎಂಬ ಬರಹವಿದೆ. ಅದನ್ನು ತೆಗೆಸಬೇಕೆಂಬ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2019ರಲ್ಲಿ ವಜಾ ಮಾಡಿತು.

ಮಿತಿಯೂ ಇದೆ. ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಕೆರಳಿಸುವುದು ಅಪರಾಧ; ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ಹಿಂದೆ ಇದು ದಂಡಸಂಹಿತೆಯ 295ಎ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್. ತಿಳಿಯದೆ ಅಥವಾ ಅಜಾಗರೂಕತೆಯಿಂದ ಆಡಿದ ಮಾತು ಇದರಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಸ್ಪಷ್ಟಪಡಿಸಿದೆ. ದೇವರಿಲ್ಲ ಎನ್ನುವುದು ಅಭಿಪ್ರಾಯ. ಒಬ್ಬರ ದೇವರನ್ನು ಹೀನವಾಗಿ ಬೈದು ಕೆರಳಿಸುವುದು ಬೇರೆ.

ಹಣ ಕೊಟ್ಟ ಮಾತಿಗೂ ಹಕ್ಕಿದೆಯೇ?

ವ್ಯಾಪಾರದ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಹೆಚ್ಚಿಲ್ಲ ಎಂಬುದು 1959ರ ಹಮ್‌ದರ್ದ್ ದವಾಖಾನಾ ತೀರ್ಪಿನ ಸಾರ. 1995ರ ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ಜಾಹೀರಾತೂ ಮಾತಿನ ಸ್ವಾತಂತ್ರ್ಯದ ಭಾಗವೇ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಖಾಸಗಿ ಪತ್ರಿಕೆ ನಿಮ್ಮ ಜಾಹೀರಾತನ್ನು ಹಾಕಲೇಬೇಕು ಎಂಬ ನಿಯಮವಿಲ್ಲ. ಸರ್ಕಾರಿ ಸಂಸ್ಥೆಗೆ ಅಷ್ಟು ಬಿಡುವಿಲ್ಲ. ಎಲ್‌ಐಸಿ ತನ್ನ ಪತ್ರಿಕೆಯಲ್ಲಿ ಟೀಕಾಕಾರರೊಬ್ಬರ ಲೇಖನಕ್ಕೆ ಉತ್ತರ ಪ್ರಕಟಿಸಿ, ಅವರ ಮರು ಉತ್ತರಕ್ಕೆ ಜಾಗ ಕೊಡಲಿಲ್ಲ. ಇದು ತಪ್ಪು ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆರ್‌ಟಿಸಿಯಂಥ ಶಾಸನಬದ್ಧ ನಿಗಮಗಳೂ ತಾರತಮ್ಯ ಮಾಡುವಂತಿಲ್ಲ ಎಂಬುದು ಇದೇ ತತ್ವ.

ಹೊರದೇಶದಲ್ಲೂ ಇದೇ ಗೊಂದಲ. 2009ರ ಜನವರಿಯಲ್ಲಿ ಬ್ರಿಟನ್ನಿನ 800 ಬಸ್ಸುಗಳ ಮೇಲೆ, ಬಹುಶಃ ದೇವರಿಲ್ಲ ಎಂಬ ಜಾಹೀರಾತು ಓಡಿತು. ಲೇಖಕಿ ಅರಿಯಾನ್ ಶೆರೀನ್ ಆರಂಭಿಸಿದ ಈ ಪ್ರಚಾರಕ್ಕೆ ಜನರೇ ಚಂದಾ ಕೊಟ್ಟಿದ್ದರು. ಮುನ್ನೂರಕ್ಕೂ ಹೆಚ್ಚು ದೂರು ಬಂದರೂ ಜಾಹೀರಾತು ನಿಯಂತ್ರಕರು ನಿಯಮ ಮೀರಿಲ್ಲ ಎಂದರು. ಇಟಲಿಯ ಜಿನೋವಾದಲ್ಲಿ ಜಾಹೀರಾತು ಕಂಪನಿಯೇ ಒಪ್ಪಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಾರ್ವಜನಿಕ ಸಾರಿಗೆ ಸಂಸ್ಥೆಯೊಂದು ನಾಸ್ತಿಕರ ಜಾಹೀರಾತನ್ನು ನಿರಾಕರಿಸಿತ್ತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಆ ಸಂಸ್ಥೆ ಸೋತಿತು.

ಗೋಡೆ ಬರಹಕ್ಕೆ ಆಂಧ್ರದಲ್ಲಿ 1997ರ, ಕರ್ನಾಟಕದಲ್ಲಿ 1981ರ ವಿರೂಪ ತಡೆ ಕಾಯ್ದೆಗಳಿವೆ. ಅವು ಆಸ್ತಿಕ, ನಾಸ್ತಿಕ ಎಂದು ಭೇದ ಮಾಡುವುದಿಲ್ಲ.

ತಾಯತದ ಜಾಹೀರಾತು

ದೇವರಿಲ್ಲ ಎಂಬ ಮಾತಿಗೆ ಸಿಟ್ಟಾಗುವ ನಾವು, ತಾಯತದಿಂದ ಸಕ್ಕರೆ ಕಾಯಿಲೆ ವಾಸಿ ಎಂಬ ಜಾಹೀರಾತನ್ನು ಸುಮ್ಮನೆ ಓದಿ ಮುಂದೆ ಹೋಗುತ್ತೇವೆ. ಕಾನೂನಿನ ಪ್ರಕಾರ ತಪ್ಪು ಎರಡನೆಯದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪಟ್ಟಿ ಮಾಡಿದ ರೋಗಗಳಿಗೆ ತಾಯತ, ಮಂತ್ರ, ಕವಚಗಳಿಂದ ಪರಿಹಾರ ಎಂದು ಪ್ರಚಾರ ಮಾಡುವುದನ್ನು ನಿಷೇಧಿಸಿದೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಮೊದಲ ಸಲ ಆರು ತಿಂಗಳವರೆಗೆ ಜೈಲು. ಇದು ಕೇಂದ್ರದ ಕಾಯ್ದೆ, ಗಡಿಯ ಎರಡೂ ಕಡೆ ಅನ್ವಯ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಮಾತ್ರ ಗಡಿ ದಾಟುವುದಿಲ್ಲ. ಯಂತ್ರಗಳಿಗೆ ದೈವೀ ಶಕ್ತಿಯಿದೆ ಎಂದು ಟಿವಿಯಲ್ಲಿ ಮಾರುವುದು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರಲ್ಲಿ ಹೇಳಿದೆ.

ಜನರ ಧೋರಣೆ

2011ರ ಜನಗಣತಿಯಲ್ಲಿ 121 ಕೋಟಿ ಜನರಲ್ಲಿ ನಾಸ್ತಿಕರೆಂದು ಬರೆಸಿದವರು ಸುಮಾರು 33 ಸಾವಿರ ಮಾತ್ರ. ಧರ್ಮ ತಿಳಿಸದವರು 28 ಲಕ್ಷಕ್ಕೂ ಹೆಚ್ಚು. ಇವರೆಲ್ಲ ನಾಸ್ತಿಕರೆನ್ನಲಾಗದು.

ಬಹಿರಂಗವಾಗಿ ಮಾತಾಡಿದವರು ಬೆಲೆ ತೆತ್ತಿದ್ದಾರೆ. ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ, ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಗುಂಡಿಗೆ ಬಲಿಯಾದರು. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ಮುಸ್ಲಿಂ ಮನೆತನದ ನಾಸ್ತಿಕ ಯುವಕನೊಬ್ಬನ ಕೊಲೆಯಾಯಿತು. ಈ ಅಸಹನೆ ಒಂದು ಧರ್ಮಕ್ಕೆ ಸೀಮಿತವಲ್ಲ.

ಹಳ್ಳಿಯಲ್ಲಿ ಕೋರ್ಟಿಗಿಂತ ಮೊದಲು ಕಟ್ಟೆ ಪಂಚಾಯಿತಿ ಸೇರುತ್ತದೆ. ಜಾತ್ರೆಗೆ ಚಂದಾ ಕೊಡಲಾರೆ ಎಂದವನಿಗೆ ನೀರು, ಬೆಂಕಿ ನಿಲ್ಲಿಸುವ ಅಧಿಕಾರ ಯಾವ ಕಟ್ಟೆಗೂ ಇಲ್ಲ. ಹಾಗೆಯೇ ಜಾತ್ರೆಗೆ ಹೋಗುವವರನ್ನು ತಡೆಯುವ ಅಧಿಕಾರ ನಾಸ್ತಿಕನಿಗೂ ಇಲ್ಲ. ಕೇಳಲು ಇಷ್ಟವಿಲ್ಲದವರು ಎದ್ದು ಹೋಗಬಹುದು, ಉತ್ತರ ಬರೆಯಬಹುದು. ಕೈ ಎತ್ತುವಂತಿಲ್ಲ.